ಇಬ್ಬರು ಸಾಹಿಲಿಗಳು

ಊರಿಗೆ ಹೊಸಬನಾದ ಕವಾಮ್ ತನ್ನ ಗಜಲಿನ ಕೊನೆಯ ಪದ್ಯ ಓದಿ ಮುಗಿಸಿದಾಗ ಯಾರೂ 'ವಾಹ್' ಎನ್ನಲಿಲ್ಲ. ಮೂಲೆಯಲ್ಲಿ ಒಬ್ಬ ನಕ್ಕ. ಆಮೇಲೆ ಬುರ್ಹಾನ್‌ಪುರ ಆಳುವ ಸುಬೇದಾರ ಖಾನನ ಇಡೀ ಸಭೆಯೇ ನಕ್ಕಿತು.

"ಏನಯ್ಯಾ," ಎಂದ ಖಾನ, "ಕದ್ದ ಮಾಲನ್ನ ಬೇರೆ ಊರಲ್ಲಿ ಮಾರೋದು ಕೇಳಿದ್ದೆ. ನೀನು ಮಾಲೀಕನ ಮುಂದೇನೇ ಅಂಗಡಿ ಹಾಕಿದೆಯಲ್ಲ!"

ಕವಾಮನಿಗೆ ತಲೆಬುಡ ತಿಳಿಯಲಿಲ್ಲ. ಓದಿದ್ದು ಅವನದೇ ಪದ್ಯ. ಎಂಟು ವರ್ಷದ ಹಿಂದೆ ಹುಟ್ಟೂರು ಯಜ್ದ್ ಬಿಟ್ಟ ವಾರದಲ್ಲಿ ಬರೆದದ್ದು:

ಸಾಹಿಲಿ, ನಿನ್ನ ಕಳಿಸಲು ಊರು ಮರಳುಗಾಡಿನ ಅಂಚಿಗೆ ಬಂತು;
ಅಲ್ಲಿಂದ ಮುಂದೆ ಅದನ್ನು ನೀನೇ ಹೊತ್ತು ನಡೆದೆ.

ಸಾಹಿಲಿ ಅವನ ಕಾವ್ಯನಾಮ. ಕೊನೆಯ ಪದ್ಯದಲ್ಲಿ ಹೆಸರು ಹೆಣೆಯುವುದೇ ಕವಿಯ ಸಹಿ. ಆದರೆ ಬುರ್ಹಾನ್‌ಪುರಕ್ಕೆ ಗೊತ್ತಿದ್ದ ಸಾಹಿಲಿ ಒಬ್ಬನೇ: ಮೂವತ್ತು ವರ್ಷದ ಹಿಂದೆ ಶಿರಾಜಿನಿಂದ ಬಂದು ಇಲ್ಲೇ ಮುದುಕನಾದ ಆಸ್ಥಾನಕವಿ ಮೀರ್ ಸಫಿ. ಖಾನನ ಬಲಕ್ಕೆ ದಿಂಬಿಗೆ ಒರಗಿ ಕೂತಿದ್ದ.

"ಹುಜೂರ್, ಇದು ನಾನೇ ಬರೆದದ್ದು."

"ಆರು ವರ್ಷದಿಂದ ನಮ್ಮ ಅಡುಗೆಯವನೂ ಇದನ್ನ ಗುನುಗ್ತಾನೆ. ಹಾಗಂತ ಅವನೂ ತಾನೇ ಬರೆದದ್ದು ಅಂತಾನೇನು?"

ಮತ್ತೆ ನಗು. ಕಳ್ಳ ಅನಿಸಿಕೊಂಡ ಕವಿಗೆ ಸೂರತ್‌ನಿಂದ ಆಗ್ರಾವರೆಗೆ ಒಂದು ಬಾಗಿಲೂ ತೆರೆಯುವುದಿಲ್ಲ. ಊರಿಗೆ ವಾಪಸು ಹೋಗಲು ಹಡಗಿನವನೂ ಹತ್ತಿಸಿಕೊಳ್ಳುವುದಿಲ್ಲ, ಅವನೂ ಪದ್ಯ ಬರೆಯುವವನೇ.

"ಮೀರ್ ಸಾಹೇಬರೇ, ನೀವೇ ಹೇಳಿ," ಎಂದ ಖಾನ. "ಇವನನ್ನ ಏನು ಮಾಡೋಣ?"

ಮೀರ್ ಸಫಿ ಬಾಯಲ್ಲಿದ್ದ ವೀಳ್ಯ ಉಗಿದ. ಗಡ್ಡ ಒರೆಸಿಕೊಂಡ.

"ಪದ್ಯ ಅವನದೇ, ಹುಜೂರ್. ಆರು ವರ್ಷದ ಹಿಂದೆ ಬಸ್ರಾದಿಂದ ಬಂದ ಒಬ್ಬ ಕುದುರೆ ವ್ಯಾಪಾರಿ ದಾರಿಯಲ್ಲಿ ಕೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದು ತಂದಿದ್ದ. ಸಾಹಿಲಿ ಅಂತ ಹೆಸರು ನೋಡಿ ನೀವೆಲ್ಲ ನನ್ನದು ಅಂದ್ರಿ. ನಾನು ಅಲ್ಲ ಅನ್ನಲಿಲ್ಲ."

ಖಾನ ಮೀರ್ ಸಫಿಯ ಕಡೆ ಪೂರ್ತಿ ತಿರುಗಿದ.

"ಹೊಗಳಿದಾಗಲೆಲ್ಲ ಎದ್ದು ಸಲಾಮು ಮಾಡಿದ್ರಲ್ಲ?" ಖಾನನ ದನಿ ಗಡುಸಾಯಿತು.

"ಮಾಡಿದೆ. ಮೊದಲ ದಿನ ಹಿಗ್ಗಿಹೋದೆ. ಮಾರನೇ ದಿನ ನೀವು ಅಂಥದ್ದೇ ಇನ್ನೊಂದು ಕೇಳಿದ್ರಿ. ನನ್ನ ಹತ್ರ ಎಲ್ಲಿತ್ತು? ಹಳೇದನ್ನೆಲ್ಲ ತೆಗೆದು ನೋಡಿದೆ, ಎಲ್ಲಾ ನಿಮ್ಮ ಕುದುರೆ, ಕತ್ತಿ, ಮೀಸೆಯ ಹೊಗಳಿಕೆ. ತಪತಿ ನದಿಗೆ ಹಾಕಿಬಂದೆ. ಮತ್ತೆ ಮೊದಲ ಅಕ್ಷರದಿಂದ ಶುರು ಮಾಡಿದೆ. ಈಚೆಗೆ ನೀವು ನನ್ನಲ್ಲಿ ಮೆಚ್ಚಿದ್ದೆಲ್ಲ ಆಮೇಲೆ ಬರೆದದ್ದು."

ಖಾನ ಮೀಸೆ ಮುಟ್ಟಿಕೊಂಡ. ಬೈಯಬೇಕೋ ನಗಬೇಕೋ ಅವನಿಗೂ ತಿಳಿದಂತಿರಲಿಲ್ಲ. "ಸರಿ, ಒಂದೇ ಸಭೆಯಲ್ಲಿ ಇಬ್ಬರು ಸಾಹಿಲಿ ಹೇಗೆ?" ಎಂದ ಕೊನೆಗೆ.

"ನಾನು ಬೇರೆ ಹೆಸರು ಇಟ್ಕೋತೀನಿ," ಎಂದ ಕವಾಮ್ ಅವಸರದಿಂದ. ಅವನ ಕಣ್ಣು ತುಂಬಿತ್ತು. "ಹಿರಿಯರು ಬಾಯಿ ಬಿಡದೇ ಇದ್ದಿದ್ರೆ ನಾನು ಸತ್ತಂತೇ."

"ಹೆಸರಿನ ಮಾತು ನಾಳೆ," ಎಂದು ಮೀರ್ ಸಫಿ ಮಂಡಿ ಹಿಡಿದು ಎದ್ದ. ತನ್ನ ಅರ್ಧ ವಯಸ್ಸಿನವನ ಎದುರು, ಶಿಷ್ಯರು ಕೂರುವ ಹಾಗೆ, ಕಾಲು ಮಡಿಸಿ ಕೂತ. ಅಂಗಿಯ ತೋಳಿನೊಳಗಿಂದ ತನ್ನ ಪದ್ಯದ ಹಾಳೆ ತೆಗೆದು, ಲೇಖನಿಯ ಜೊತೆ ಮುಂದಿಟ್ಟ. "ಆರು ವರ್ಷದಿಂದ ನೀನೇ ನನ್ನ ಗುರು ಕಣಪ್ಪಾ. ನೀನೇ ಈ ಊರಿಗೆ ಬರೋದು ತಡ ಮಾಡಿದೆ. ತಿದ್ದು."

"ಅಯ್ಯೋ, ನಾನು ನಿಮ್ಮದನ್ನ..."

"ತಿದ್ದೋ ಮಾರಾಯ, ಮಂಡಿ ನೋಯ್ತಿದೆ."

ಕವಾಮ್ ಎರಡು ಸಲ ಓದಿದ. ಲೇಖನಿ ಅದ್ದಿ, ನಾಲ್ಕನೇ ಸಾಲಿನಲ್ಲಿ ಒಂದೇ ಒಂದು ಪದವನ್ನು ಹೊಡೆದುಹಾಕಿದ.

ಮುದುಕ ಬಗ್ಗಿ ನೋಡಿದ. "ನನಗೂ ಅಲ್ಲೇ ಚುಚ್ಚುತ್ತಿತ್ತು," ಎಂದ.