ಹಟ್ಟಿಕೇರಿಯ ಚಿರತೆ

ಮಧುಕರನ ಪೇಪರಿನಲ್ಲಿ ಚಿರತೆ ಬಂದೇಬಿಟ್ಟಿತು.

ಹಟ್ಟಿಕೇರಿ ಸೇತುವೆಯ ಬಳಿ ಚಿರತೆ, ಜನರಲ್ಲಿ ಆತಂಕ. ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ದೇವಿದಾಸ ಆ ತಲೆಬರಹವನ್ನು ಎರಡೆರಡು ಸಲ ಓದಿದ. ಆ ಚಿರತೆ ಹುಟ್ಟಿದ್ದು ಹಟ್ಟಿಕೇರಿಯ ಕಾಡಿನಲ್ಲಲ್ಲ, ಅದೇ ದಿನ ಬೆಳಿಗ್ಗೆ ಅವನ ತಲೆಯಲ್ಲಿ. ಅದನ್ನು ಅವನು ಹೇಳಿದ್ದು ಒಬ್ಬರಿಗೇ. ಹೆಂಡತಿ ಜಯಂತಿಗೆ.

ದೇವಿದಾಸ ಹುಬ್ಬಳ್ಳಿಯ ಬೆಳಗಿನ ಪತ್ರಿಕೆಗೆ ಅಂಕೋಲೆಯ ಸುದ್ದಿಗಾರ. ಮಧುಕರ ಕಾರವಾರದ ಸಂಜೆ ಪತ್ರಿಕೆಗೆ. ತಿಂಡಿಯಾದ ಮೇಲೆ ಬರೆದದ್ದನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿ, ಅವಳು "ಅಡ್ಡಿಲ್ಲ" ಎಂದಮೇಲೆ ಕವರಿಗೆ ಅಂಟು ಹಚ್ಚಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು ದೇವಿದಾಸನ ರೂಢಿ. ಇತ್ತೀಚೆಗೆ ಆ ಕವರು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಒಳಗಿನ ಸುದ್ದಿ ಮಧುಕರನ ಪೇಪರಿನಲ್ಲಿ ಅಚ್ಚಾಗಿರುತ್ತಿತ್ತು. ಪಂಚಾಯ್ತಿಯ ಜಗಳ, ಅವರ್ಸಾದ ಕಳ್ಳತನ, ಹೀಗೆ ಎಷ್ಟೋ. ಮೂಲ ಎಲ್ಲಿದೆ ಎಂದು ನೋಡಲೆಂದೇ ದೇವಿದಾಸ ಚಿರತೆಯನ್ನು ಬಿಟ್ಟಿದ್ದ.

ಸುದ್ದಿ ಹೋದರೆ ಹೋಗಲಿ. ಜಯಂತಿಯ ಜಾತಕ ಮೊದಲು ಹೋಗಿದ್ದು ಮಧುಕರನ ಮನೆಗೆ. ಹೊಂದಲಿಲ್ಲ, ಅಷ್ಟೇ. ಹೊಂದಿದ್ದರೆ? ಇಷ್ಟು ವರ್ಷ ತೆಪ್ಪಗೆ ಮಲಗಿದ್ದ ಪ್ರಶ್ನೆ ಈಗ ಎದ್ದು ಕೂತು ಅವನ ಊಟ ನಿದ್ದೆಯನ್ನೆಲ್ಲ ತಿನ್ನತೊಡಗಿತು. ಮಧುಕರನಿಗೆ ನೀಲಾ ಎಂಬ ಚೆಂದದ ಹೆಂಡತಿಯಿದ್ದಾಳೆ ಎಂಬುದು ಸಮಾಧಾನ ಕೊಡಲಿಲ್ಲ. ಅವನ ಮನೆ ಪಕ್ಕದ ಕೇರಿಯಲ್ಲೇ ಇದೆ ಎಂಬುದು ಮಾತ್ರ ಚುಚ್ಚಿತು.

ನೆನಪು ಮಾಡಿಕೊಂಡಷ್ಟೂ ಎಲ್ಲವೂ ತಾಳೆಯಾಗುತ್ತಿತ್ತು. ಸೋಮವಾರ ಅವನ ಸುದ್ದಿ ಒಮ್ಮೆಯೂ ಸೋರಿರಲಿಲ್ಲ. ಸೋಮವಾರ ಜಯಂತಿಗೆ ಒಪ್ಪತ್ತು. 'ಶಿವನ ದಿನವಾದರೂ ಹೆದರಿಕೆ ಇದೆಯಲ್ಲ' ಎಂದು ಹಲ್ಲು ಕಡಿದ. ಮಳೆಗಾಲದಲ್ಲಿ ಬೋಟುಗಳೆಲ್ಲ ದಡ ಸೇರಿ, ಊರೆಲ್ಲ ಒಣಮೀನಿನ ಸಾರು ಉಣ್ಣುತ್ತಿದ್ದಾಗಲೂ ಏನೂ ಸೋರಿರಲಿಲ್ಲ. ಆ ಮಳೆಯಲ್ಲಿ ಮಧುಕರ ತನ್ನ ಸ್ಕೂಟರ್ ಹೊರಗೆ ತೆಗೆಯುತ್ತಾನೆಯೇ?

ಸಂಜೆ ಮನೆಗೆ ಬಂದವನು ಊಟಕ್ಕೆ ಕೂತು ಕೇಳಿದ.

"ಇವತ್ತು ಯಾರಾದ್ರೂ ಬಂದಿದ್ರಾ?"

"ಯಾರೂ ಬರ್ಲಿಲ್ಲ. ನಮ್ಮನಿಗೆ ಯಾರ್ ಬರ್ತ್ರು?" ಜಯಂತಿ ತಟ್ಟೆಗೆ ಬಂಗಡೆ ಬಡಿಸಿದಳು.

"ಯಾರೂ?"

"ಯಾರೂ ಇಲ್ರಾ. ಮುಳ್ಳು ನೋಡ್ಕಂಡು ಉಣ್ಣಿ."

ಅವಳ ಮುಖದಲ್ಲಿ ಸುಳ್ಳಿನ ಸುಳಿವೂ ಇರಲಿಲ್ಲ. ಇಷ್ಟು ಪಳಗಿದ್ದಾಳಲ್ಲ ಎಂದು ಅವನಿಗೆ ಇನ್ನಷ್ಟು ಉರಿಯಿತು. ಬಂಗಡೆಯನ್ನು ತಟ್ಟೆಯ ಅಂಚಿಗೆ ಸರಿಸಿದ.

ಮರುದಿನ ಎಂದಿನಂತೆ ಸುದ್ದಿ ಓದಿ ಹೇಳಿದ. ಅವಳು "ಅಡ್ಡಿಲ್ಲ" ಎಂದಳು. ಹೊರಡುವ ಮುಂಚೆ ಫೋನಿನ ವಯರನ್ನು ಮೆಲ್ಲಗೆ ಕಿತ್ತಿಟ್ಟ. ಕವರು ಹಿಡಿದು ಗೇಟು ದಾಟಿದವನು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಗದ್ದೆಯ ಬದಿಯಿಂದ ಸುತ್ತಿ ಬಂದು, ಸ್ವಂತ ಮನೆಯ ಬಚ್ಚಲಿನ ಹಿಂದೆ, ತೆಂಗಿನ ಮಡಲಿನ ರಾಶಿಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತ. ನಿಜವೇ ಆಗಿದ್ದರೆ ಅವಳನ್ನು ಅಮದಳ್ಳಿಗೆ, ತವರಿಗೆ ಕಳಿಸಿಬಿಡುವುದೇ ಸೈ. ಹಾಗೆಂದುಕೊಂಡದ್ದೇ ಅವನ ಕಣ್ಣು ಮಂಜಾಯಿತು. ಅವಳಿಲ್ಲದ ಮನೆ ಅವನಿಗೆ ಬೇಕಿರಲಿಲ್ಲ.

ಸೊಳ್ಳೆ ಕಚ್ಚಿತು. ಕಾಲು ಜೋಮು ಹಿಡಿಯಿತು. ಮಧುಕರ ಬರಲಿಲ್ಲ. ಬಂದದ್ದು ಕೇಣಿಯ ಸುಬ್ಬಿ, ಎಂದಿನಂತೆ ಮೀನಿನ ಬುಟ್ಟಿ ಹೊತ್ತು. ಹಿತ್ತಿಲಿನ ಬಾಗಿಲ ಬಳಿ ಬುಟ್ಟಿ ಇಳಿಸಿ, ಮೆಟ್ಟುಗತ್ತಿ ಎಳೆದುಕೊಂಡು ಮೀನು ಕೊಯ್ಯಲು ಕೂತಳು. ಜಯಂತಿ ಮೆಟ್ಟಿಲ ಮೇಲೆ ಕೂತು ಮಾತಿಗಿಳಿದಳು. ಅಷ್ಟು ದೂರಕ್ಕೆ ಮಾತು ಕೇಳಿಸದು, ನಗು ಮಾತ್ರ ಕೇಳಿಸುತ್ತಿತ್ತು. ದೇವಿದಾಸ ಮನಸ್ಸಿನಲ್ಲೇ ಬೈದುಕೊಂಡ. ಮೀನಿನವಳು ಎದ್ದು ಹೋಗದೆ ಬರಬೇಕಾದವನು ಬರುವ ಹಾಗಿಲ್ಲ. ಸುಬ್ಬಿ ಒಮ್ಮೆ ತಲೆ ಎತ್ತಿ ಬಚ್ಚಲಿನತ್ತ ನೋಡಿದಳು. ಮಡಲಿನ ಬಳಿ ಬೆಕ್ಕು ಸುಳಿದಾಡುತ್ತಿತ್ತು.

ಜಯಂತಿಯ ನಗು ಥಟ್ಟನೆ ನಿಂತಿತು. ಕೊಯ್ದಿಟ್ಟ ಮೀನನ್ನು ಮೆಟ್ಟಿಲ ಮೇಲೇ ಬಿಟ್ಟು ಎದ್ದು ಒಳಗೆ ಹೋದಳು. ಅಗಳಿ ಬಿದ್ದ ಸದ್ದು ಕೇಳಿಸಿತು.

ಬಂದ. ಮಧುಕರ ಮುಂಬಾಗಿಲಿನಿಂದಲೇ ಬಂದ. ಇಲ್ಲದಿದ್ದರೆ ಜಯಂತಿ ಬೆಕ್ಕಿನ ಎದುರಿಗೆ ಮೀನು ಬಿಟ್ಟು ಹೋಗುವವಳೇ? ಸುಬ್ಬಿ ಬುಟ್ಟಿ ಹೊತ್ತು ಮರೆಯಾದದ್ದೇ ತಡ, ದೇವಿದಾಸ ಜೋಮು ಹಿಡಿದ ಕಾಲೆಳೆಯುತ್ತ ಮುಂದಕ್ಕೆ ಓಡಿದ. ಆ ಬಾಗಿಲಿಗೂ ಒಳಗಿನಿಂದ ಚಿಲಕ. ಹೊರಗೆ ಚಪ್ಪಲಿಯಿಲ್ಲ, ಸ್ಕೂಟರೂ ಇಲ್ಲ. ಕಳ್ಳನಾದವನು ಚಪ್ಪಲಿ ಬಿಟ್ಟು ಬರುತ್ತಾನೆಯೇ? ಬಡಿಯಲು ಎತ್ತಿದ ಕೈ ಅಲ್ಲೇ ನಿಂತಿತು. ಎಷ್ಟೋ ಹೊತ್ತು ಹಾಗೇ ನಿಂತಿದ್ದ. ಒಬ್ಬನೇ ನೋಡುವ ಧೈರ್ಯ ಅವನಿಗಿರಲಿಲ್ಲ. ನೀಲಾಳನ್ನೇ ಕರೆತರಬೇಕು, ಅವಳ ಗಂಡ ಎಲ್ಲಿದ್ದಾನೆಂದು ಅವಳೂ ನೋಡಲಿ.

ದಾಪುಗಾಲು ಹಾಕಿ ಪಕ್ಕದ ಕೇರಿ ಮುಟ್ಟಿದವನು ಗೇಟಿನ ಬಳಿ ಗಕ್ಕನೆ ನಿಂತ.

ಮಧುಕರ ಮನೆಯಲ್ಲೇ ಇದ್ದ. ಲುಂಗಿಯುಟ್ಟು ಜಗುಲಿಯಲ್ಲಿ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು, ಹಿತ್ತಿಲಿನ ಕಡೆಗೆ ಕಿವಿಗೊಟ್ಟು ಸರಸರನೆ ಬರೆಯುತ್ತಿದ್ದ. ಗೇಟಿನತ್ತ ಅವನ ಗಮನವೇ ಇರಲಿಲ್ಲ. ಹಿತ್ತಿಲಿನಿಂದ ಮೀನಿನ ಹುರುಪೆ ಕೆರೆಯುವ ಸದ್ದು ಬರುತ್ತಿತ್ತು. ಅದರ ಜೊತೆಗೇ ಸುಬ್ಬಿಯ ದನಿ, ಇಡೀ ಕೇರಿಗೆ ಕೇಳುವಂತೆ.

"ಆ ಚಿರತೆ ಹಾಳಾಗ್ಲಿ ನೀಲಕ್ಕಾ, ಇವತ್ತಿಂದು ಕೇಳಿ. ಜಯಂತಕ್ಕನ ಗಂಡ, ಪೇಪರಿನೋರು, ತಮ್ಮನೆ ಬಚ್ಚಲ ಹಿಂದೆ ತಾವೇ ಅಡಗಿ ಕೂತ್ಕಂಡು ಹೆಂಡ್ತಿ ಮೇಲೆ ಕಣ್ಣಿಟ್ಟಿದ್ರು. ನಾನು ನಗಾಡ್ತಾ ಅಕ್ಕಂಗೆ ತೋರ್ಸ್ದೆ. ಪಾಪ, ಜಯಂತಕ್ಕ ನಗ್ಲೇ ಇಲ್ಲ, ಬಾಗ್ಲು ಹಾಕ್ಕಂಡ್ರು."