ಒಂದೇ ರಾಗ

ಹೊರದೇಶದ ಶಾಲೆಯಲ್ಲಿ ಮೊದಲ ದಿನವೇ ಗಣಿತದ ಮೇಷ್ಟ್ರ ತಲೆ ಕೆಟ್ಟುಹೋಯಿತು. ಪಾಠ ಮುಗಿಸಿ "ಅರ್ಥವಾಯಿತೇ?" ಎಂದು ಕೇಳಿದರೆ, ಮುಂದಿನ ಬೆಂಚಿನ ಹುಡುಗಿ ಕುಳಿತಲ್ಲಿಂದಲೇ "ಇಲ್ಲ" ಎಂದಳು. ಇನ್ನೊಮ್ಮೆ ಹೇಳಿಕೊಟ್ಟರೆ ಇಡೀ ತರಗತಿಯೇ "ಇಲ್ಲ" ಎಂದಿತು.

ಅದೇ ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದ ತಮ್ಮ ಹಳೆಯ ಶಿಷ್ಯನ ಮುಂದೆ ಬಂದು ಕುಕ್ಕರಿಸಿದರು.

"ಏನಪ್ಪಾ, ಇಲ್ಲಿ ದಡ್ಡರನ್ನೇ ಆರಿಸಿ ಸೇರಿಸ್ಕೊಳ್ತಾರಾ? ತಲೇಲಿ ಬರೀ ಸಗಣಿ. ಊರಲ್ಲಿ ಇಪ್ಪತ್ತೆಂಟು ವರ್ಷ ಇದೇ ಪಾಠ ಮಾಡಿದ್ದೀನಿ. ಕೇಳಿದ ತಕ್ಷಣ ಕ್ಲಾಸಿಗೆ ಕ್ಲಾಸೇ ಒಂದೇ ರಾಗದಲ್ಲಿ 'ಅರ್ಥ ಆಯ್ತು ಸಾರ್' ಅನ್ನೋದು. ಇಲ್ಲ ಅಂದವನು ಒಬ್ಬನೂ ಇಲ್ಲ."

ಶಿಷ್ಯ ಅವರ ಕಡೆಗೆ ಚಹಾ ಸರಿಸಿದ.

"ನಿಜ ಸಾರ್. ಎಲ್ಲರಿಗಿಂತ ಜೋರಾಗಿ ಕೂಗ್ತಿದ್ದೋನು ನಾನೇ. ಇವತ್ತಿಗೂ ಒಂದು ಲೆಕ್ಕಾನೂ ತಲೆಗೆ ಹತ್ತಿಲ್ಲ."