ಮೊದಲ ಪ್ರಶ್ನೆ ಹಿರಿಯರದ್ದು

ವಿಶ್ವವಿದ್ಯಾಲಯದ ಆ ತತ್ತ್ವಶಾಸ್ತ್ರ ಉಪನ್ಯಾಸಮಾಲೆಗೆ ವರ್ಷಕ್ಕೆ ಒಬ್ಬರನ್ನಷ್ಟೇ ಕರೆಯುತ್ತಿದ್ದರು. ಮಾತು ಮುಗಿದ ಮೇಲೆ ಮೊದಲ ಪ್ರಶ್ನೆ ಸಭೆಯ ಹಿರಿಯರದ್ದು. ಅದು ಅಲ್ಲಿನ ಪದ್ಧತಿ.

ಈ ವರ್ಷದ ವಿಷಯ 'ಅಭಯ'. ಆದರೆ ಉಪನ್ಯಾಸಕ ಮೊದಲ ಸಾಲಿನತ್ತ ಹೆದರಿ ಹೆದರಿ ನೋಡುತ್ತಿದ್ದ. ತನ್ನದೆಂದು ಅವನು ಓದುತ್ತಿದ್ದದ್ದು ಗುರುಗಳು ಎಂದೂ ಅಚ್ಚು ಮಾಡಿಸದ ಹಸ್ತಪ್ರತಿಯನ್ನು. ಹಾಸಿಗೆ ಹಿಡಿದಿದ್ದಾರೆ ಎಂದು ಕೇಳಿದ್ದ ಆ ಗುರುಗಳೇ ಮಗಳ ಜೊತೆ ಬಂದು ಮೊದಲ ಸಾಲಿನಲ್ಲಿ ಕೂತು, ಮೊದಲ ಸಲ ಕೇಳುವವರಂತೆ ಒಂದೊಂದು ವಾಕ್ಯಕ್ಕೂ ತಲೆದೂಗುತ್ತಿದ್ದರು.

ಚಪ್ಪಾಳೆ ನಿಂತಿತು. ಗುರುಗಳು ಎದ್ದರು.

"ಅಪ್ಪಾ, ಬೇಡ, ಕೂತ್ಕೊಳ್ಳಿ," ಎಂದಳು ಮಗಳು.

"ಸುಮ್ನಿರಮ್ಮ, ಇದನ್ನ ಕೇಳ್ಲೇಬೇಕು." ಅವರು ವೇದಿಕೆಯತ್ತ ತಿರುಗಿದರು. "ಇದೆಲ್ಲ ನಿಮ್ಮ ಸ್ವಂತದ್ದೇ ಏನು?"

ಯಾವಾಗಲೂ ಅವನನ್ನು 'ಏನೋ' ಎಂದೇ ಕರೆಯುತ್ತಿದ್ದವರು ಇಂದು 'ನಿಮ್ಮ' ಎಂದಿದ್ದರು. ದೇವರೇ, ಎಂದುಕೊಂಡ.

"ಅಲ್ಲ," ಎಂದ ಕೊನೆಗೆ. "ನನ್ನ ಗುರುಗಳದ್ದು. ನಾನು ಕದ್ದೆ."

ಗುರುಗಳು ಎರಡೂ ಕೈ ಜೋಡಿಸಿ ಕಣ್ಣಿಗೊತ್ತಿಕೊಂಡರು.

"ಎಂಥ ಪುಣ್ಯಾತ್ಮರಪ್ಪ ಅವರು! ಇನ್ನೂ ಬದುಕಿದ್ದಾರಾ?"